ಇಪ್ಪತ್ತು ಸಲ ಆಫ್ ಮಾಡಿ ನೋಡುವುದು

ಹೆಸರಘಟ್ಟದ ಕಡೆಯ ಒಂದು ಕರು ಡಾಕ್ಟರಮ್ಮನ ನೋಟ್‌ಬುಕ್ಕಿನ ಮೂರು ಹಾಳೆಗಳನ್ನು ತಿಂದುಹಾಕಿದ್ದರಿಂದ ನಮಗೆ ಒಂದು ಕೆಲಸ ಸಿಕ್ಕಿತು. ಆ ಕರುವಿಗೆ ನಾನು ಬಹಳ ದಿನ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತಿದ್ದೆ. ಆಗ ನಮ್ಮ ಆಫೀಸಿನಲ್ಲಿ ಕೆಲಸಕ್ಕಿಂತ ಕುರ್ಚಿಗಳೇ ಹೆಚ್ಚಾಗಿದ್ದವು.

ಆಫೀಸು ಎಂದರೆ ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಗೆ ಹತ್ತಿರದ ರಸ್ತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಎರಡು ಕೋಣೆ. ನಾನು, ಮತ್ತು ಕಾಲೇಜಿನ ದಿನಗಳಿಂದ ನನ್ನನ್ನು ಸಹಿಸಿಕೊಂಡು ಬಂದಿರುವ ಗೆಳೆಯ, ಇಬ್ಬರೇ. ಕೆಳಗೆ ಪೈಪು ಕೊಯ್ಯುವ ಸದ್ದು, ಮೇಲೆ ನಮ್ಮಿಬ್ಬರ ವಾದದ ಸದ್ದು. ಎರಡರಲ್ಲಿ ಒಂದು ಕೋಣೆಗೆ ಮಾತ್ರ ಕಿಟಕಿ ಇತ್ತು. ಅದರ ಪಕ್ಕ ಕೂತರೆ ಕೆರೆಯ ಹಕ್ಕಿಗಳು ಕಾಣುತ್ತಿದ್ದವು, ಗಾಳಿ ಬರುತ್ತಿತ್ತು. ಆ ಜಾಗದಲ್ಲಿ ಅವನು ಕೂತಿದ್ದ. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಕಿಟಕಿಯೇ ಕಾರಣ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಿಯೂ ನೋಡಿದೆ, ಯಾರೂ ಒಪ್ಪಲಿಲ್ಲ.

ಡಾಕ್ಟರಮ್ಮ ನಮ್ಮ ರಸ್ತೆಯ ಕೊನೆಯ ಮನೆಯವರು, ದನದ ಡಾಕ್ಟರು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಹೆಸರಘಟ್ಟದ ಸುತ್ತಲಿನ ಹಳ್ಳಿಗಳ ಕೊಟ್ಟಿಗೆಗಳನ್ನೆಲ್ಲ ಸುತ್ತಿ ಮಧ್ಯಾಹ್ನದ ಮೇಲೆ ಮನೆ ಸೇರುವವರು. ಒಂದು ದಿನ ನಮ್ಮ ಮೆಟ್ಟಿಲು ಹತ್ತಿ ಬಂದು, ಮೂಲೆ ಕಿತ್ತುಹೋದ ಉದ್ದನೆಯ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು.

"ನೋಡಮ್ಮ, ಯಾವ ಹಸುಗೆ ಯಾವತ್ತು ಗಬ್ಬದ ಇಂಜೆಕ್ಷನ್ ಕೊಟ್ಟೆ ಅಂತ ಬರ್ಕೋಬೇಕು. ಒಂಬತ್ತು ತಿಂಗಳು ಹತ್ತು ದಿನಕ್ಕೆ ಕರು ಹಾಕುತ್ತೆ. ಹತ್ತು ದಿನ ಮುಂಚೆ ಫೋನ್ ನಂಗೆ ನೆನಪು ಮಾಡ್ಬೇಕು. ಅಷ್ಟೇ. ಬಣ್ಣ ಬಡಿವಾರ ಏನೂ ಬೇಡ. ಮತ್ತೆ, ಇದನ್ನ ಕರು ತಿನ್ನಬಾರದು."

ನಾನು ನಕ್ಕೆ. ಅವರು ನಗಲಿಲ್ಲ. ಆ ಮೂರು ಹಾಳೆಗಳಲ್ಲಿ ಒಬ್ಬ ಅಜ್ಜಿಯ ಹಸುವಿನ ತಾರೀಕು ಇತ್ತಂತೆ. ಅಜ್ಜಿಗೆ ಇದ್ದದ್ದು ಅದೊಂದೇ ಹಸು. ಕರು ಹೊಟ್ಟೆಯಲ್ಲಿ ಹಿಂದುಮುಂದಾಗಿ ತಿರುಗಿಕೊಂಡಿತ್ತು. ದಿನ ತಿಳಿದಿದ್ದರೆ ಡಾಕ್ಟರಮ್ಮ ಮುಂಚೆಯೇ ಹೋಗಿ ನೋಡುತ್ತಿದ್ದರು. ತಿಳಿಯಲಿಲ್ಲ, ಅವರು ಹೋಗುವಷ್ಟರಲ್ಲಿ ಕರು ಸತ್ತಿತ್ತು. "ಹಸು ಉಳೀತು. ಅಂಥ ಹಸುಗೆ ಮುಂದಿನ್ ಸಲ ನಾನು ಪಕ್ಕದಲ್ಲಿ ಇರ್ಲೇಬೇಕು" ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಕೆಲಸ ಚಿಕ್ಕದು, ತೊಡಕು ಒಂದೇ. ಹೆಸರಘಟ್ಟದ ಹುಲ್ಲುಗಾವಲಿನ ಆ ಕಡೆ ಎಷ್ಟೋ ಜಾಗದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ದೂರದ ಯಾವುದೋ ಸರ್ವರಿಗೆ ಮಾಹಿತಿ ಕಳಿಸಿ ಅಲ್ಲಿಡುವ ಹಾಗಿರಲಿಲ್ಲ, ಎಲ್ಲವೂ ಫೋನಿನೊಳಗೇ ಉಳಿಯಬೇಕು. ಅದಕ್ಕೆಂದೇ ಪುಟ್ಟ ಡೇಟಾಬೇಸ್ ಲೈಬ್ರರಿಗಳಿವೆ. ಬೇರೆಯವರು ಬರೆದಿಟ್ಟ ಈ ಪ್ರೋಗ್ರಾಮುಗಳನ್ನು ನಮ್ಮ ಆ್ಯಪಿನೊಳಗೆ ಸೇರಿಸಿಕೊಂಡರೆ, ಮನೆಯೊಳಗೇ ಒಂದು ಅಟ್ಟ ಕಟ್ಟಿಸಿಕೊಂಡ ಹಾಗೆ. ಬರೆದದ್ದನ್ನು ಅಲ್ಲೇ ಎತ್ತಿಡುತ್ತವೆ, ಕೇಳಿದಾಗ ಇಳಿಸಿಕೊಡುತ್ತವೆ. ನಾವು ಆರಿಸಬೇಕಾಗಿದ್ದದ್ದು ಅಂಥ ಒಂದನ್ನು. ಅವನು ಹಳೆಯದೊಂದನ್ನು ಹಿಡಿದು ಕೂತ, ನಾನು ಹೊಸದೊಂದನ್ನು ಹಿಡಿದು ಕೂತೆ.

ಹಳೆಯದು ಬಹಳ ಕಾಲದಿಂದ ಎಲ್ಲರ ಫೋನಿನಲ್ಲೂ ಸದ್ದಿಲ್ಲದೆ ದುಡಿಯುತ್ತಿರುವ ಜಾತಿಯದು. ಬರೆ ಎಂದರೆ ಬರೆದು, ಬರೆದದ್ದು ನಿಜವಾಗಿ ಜಾಗ ಸೇರಿತೇ ಎಂದು ಕಾದು, ಆಮೇಲೆ "ಆಯಿತು" ಎನ್ನುತ್ತಿತ್ತು. ಹೊಸದು ಹಾಗಲ್ಲ. ಬರೆ ಎಂದ ಕೂಡಲೇ "ಆಯಿತು" ಎಂದುಬಿಟ್ಟು, ಬಿಡುವು ನೋಡಿಕೊಂಡು ನಾಲ್ಕೈದು ಸೆಕೆಂಡಿನ ನಂತರ ಬರೆದಿಡುತ್ತಿತ್ತು. ಹಾಗಾಗಿ ಭಾರಿ ಚುರುಕು. ತಕ್ಷಣ ಬರೆ ಎಂದು ಹೇಳುವ ಒಂದು ಸೆಟ್ಟಿಂಗೂ ಅದರಲ್ಲಿತ್ತು. ಅದನ್ನು ಹಾಕಿದರೆ ಹಳೆಯದರಷ್ಟೇ ನಿಧಾನವಾಗುತ್ತಿತ್ತು, ಆದ್ದರಿಂದ ಅದರ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಹೊಸದನ್ನು ಕಂಡರೆ ನನಗೆ ಅಷ್ಟು ಪ್ರೀತಿ ಯಾಕೆ ಎಂಬುದು ನನ್ನ ಅತ್ತೆಗೆ ಗೊತ್ತು. ಮನೆಯಲ್ಲಿ ಅವರು ಒಳಗಿನಿಂದ, "ಮೋಟರ್ ಆಫ್ ಮಾಡಿದ್ಯೇನೇ? ಟ್ಯಾಂಕ್ ತುಂಬ್ತು" ಎಂದು ಕೂಗಿದರೆ ನಾನು, "ಆಯ್ತು ಅತ್ತೆ!" ಎಂದು ಕೂಗಿ, ಆಮೇಲೆ ಎದ್ದು ಓಡಿ ಆಫ್ ಮಾಡುತ್ತೇನೆ. ನೂರಕ್ಕೆ ತೊಂಬತ್ತು ಸಲ ಅವರು ಹೊರಗೆ ಬರುವಷ್ಟರಲ್ಲಿ ಮೋಟರ್ ನಿಂತಿರುತ್ತದೆ. ಉಳಿದ ಹತ್ತು ಸಲ ಪಕ್ಕದ ಮನೆಯವರ ಕಾರು ತೊಳೆದು ಹೋಗುತ್ತದೆ. ನನ್ನ ಪ್ರಕಾರ ಇದು ಒಳ್ಳೆಯ ಲೆಕ್ಕಾಚಾರ.

ನನ್ನ ಗೆಳೆಯನ ಮನೆತನವೇ ಬೇರೆ. ಅವನು ಬೆಳೆದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅವನ ತಂದೆ ಅಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ತಯಾರಾದ ಪ್ರತಿ ಸಾಮಾನನ್ನೂ ತಿರುಗಿಸಿ, ಎಳೆದು, ಕುಟ್ಟಿ, ಪಾಸು ಫೇಲು ಬರೆಯುವ ಕೆಲಸ. ನಿವೃತ್ತರಾದ ಮೇಲೆ ಕಾರ್ಖಾನೆ ಸಿಗದೆ ಮನೆಯನ್ನೇ ತಪಾಸಣೆ ಮಾಡತೊಡಗಿದರು. ಅವರ ಮನೆಗೆ ಹೊಸ ಛತ್ರಿ ತಂದರೆ ಅದನ್ನು ಇಪ್ಪತ್ತು ಸಲ ಬಿಚ್ಚಿ, ಇಪ್ಪತ್ತು ಸಲ ಮುಚ್ಚಿ ನೋಡಿದ ಮೇಲೆಯೇ ಮಳೆಗೆ ಒಯ್ಯುವುದು. ನಾನೇ ಕಣ್ಣಾರೆ ನೋಡಿದ್ದೇನೆ. ಹದಿನೇಳನೇ ಸಲಕ್ಕೆ ಮುರಿದ ಛತ್ರಿಯೊಂದನ್ನು ಹೆಮ್ಮೆಯಿಂದ ಎತ್ತಿ ತೋರಿಸಿದ್ದರು.

"ಹಂಗೇ ಇದನ್ನೂ ನೋಡ್ಬೇಕು ಕಣೇ" ಎಂದ ಮಗ. ಅವನು ಡಾಕ್ಟರಮ್ಮನ ಸ್ಕೂಟರಿನ ಹಿಂದೆ ಕೂತು ಒಂದು ದಿನ ಹಳ್ಳಿಗೆ ಹೋಗಿಬಂದಿದ್ದ. "ಅವ್ರೇನ್ ಮಾಡ್ತಾರೆ ಗೊತ್ತಾ? ಬರೆದ ತಕ್ಷಣ ಫೋನ್ ಆಫ್ ಮಾಡಿಬಿಡ್ತಾರೆ. ಕೈಗವಸು ಹಾಕ್ಕೊಂಡಾಗ ಫೋನ್ ಬಡ್ಕೊಂಡ್ರೆ ಹಸು ಒದೆಯುತ್ತಂತೆ. ಗುಂಡಿ ಒತ್ತಿ ಹಿಡ್ಕೊಂಡು, ಪರದೆ ಕಪ್ಪಾಗೋವರೆಗೂ ಬಿಡಲ್ಲ. ಅದನ್ನ ನಾವು ಇಪ್ಪತ್ತು ಸಲ ಮಾಡಿ ನೋಡೋಣ. ಬರೀ, ಆಫ್ ಮಾಡು, ಆನ್ ಮಾಡು, ಬರೆದಿದ್ದು ಇದೆಯಾ ನೋಡು."

"ನಿಮ್ಮಪ್ಪನ ಛತ್ರಿ ಅಲ್ಲ ಕಣೋ ಇದು."

"ಛತ್ರಿ ಮುರಿದ್ರೆ ಒಬ್ರು ನೆನೀತಾರೆ ಅಷ್ಟೇ. ಇದು ಹಂಗಲ್ಲ."

ವಾದ ಮುಗಿಯದಿದ್ದಾಗ ನಾನೇ ಪಂಥ ಕಟ್ಟಿದೆ. ಎರಡನ್ನೂ ಪರೀಕ್ಷೆ ಮಾಡೋಣ, ಯಾರದು ಗೆಲ್ಲುತ್ತದೋ ಅವರಿಗೆ ಕಿಟಕಿ ಪಕ್ಕದ ಜಾಗ. ಅವನು ಹಕ್ಕಿಗಳ ಕಡೆ ಒಮ್ಮೆ ನೋಡಿ, ಆಗಲಿ ಎಂದ. ಹಳೆಯದರ ಪರೀಕ್ಷೆ ಅವನಿಗೆ, ಹೊಸದರ ಪರೀಕ್ಷೆ ನನಗೆ. ಮಾಡಿದ ಪ್ರತಿ ಪರೀಕ್ಷೆಗೂ ಒಂದು ಹಾಳೆಯಲ್ಲಿ ಟಿಕ್ ಹಾಕಿ ಕೆಳಗೆ ಸಹಿ ಮಾಡಬೇಕು. ಅದೂ ಅವನ ತಂದೆಯಿಂದ ಬಂದ ಪದ್ಧತಿಯೇ.

ಯಾವುದು ಬೇಗ ಎಂಬ ಓಟದಲ್ಲಿ ನನ್ನದು ಸುಲಭವಾಗಿ ಗೆದ್ದಿತು. ಕೊನೆಯದಾಗಿ ಆಫ್ ಮಾಡಿ ನೋಡುವ ಪರೀಕ್ಷೆ ಉಳಿಯಿತು. ಪರೀಕ್ಷೆಗೆಂದು ತಂದಿಟ್ಟಿದ್ದ, ಡಾಕ್ಟರಮ್ಮನದರಂಥದೇ ಹಳೆಯ ಫೋನು ಒಮ್ಮೆ ಆಫಾದರೆ ಮತ್ತೆ ಕಣ್ಣು ಬಿಡಲು ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಮೊದಲನೇ ಸಲ ಬರೆದೆ, ಒಂದು ಗುಟುಕು ಕಾಫಿ ಕುಡಿದೆ, ಆಫ್ ಮಾಡಿದೆ, ಆನ್ ಮಾಡಿದೆ, ಬರೆದದ್ದು ಇತ್ತು. ಎರಡನೇ ಸಲವೂ ಬರೆದೆ, ಕಾಫಿ ಮುಗಿಸಿದೆ, ಆಫ್ ಮಾಡಿದೆ, ಇತ್ತು. ಕಾಫಿ ಖಾಲಿಯಾಯಿತು, ನನ್ನ ತಾಳ್ಮೆಯೂ ಮುಗಿಯಿತು. ಉಳಿದ ಹದಿನೆಂಟಕ್ಕೆ ಟಿಕ್ ಹಾಕಿದೆ. ಸುಮ್ಮನೆ ಹಾಕಲಿಲ್ಲ, ಅದರಲ್ಲೂ ಕಲೆ ತೋರಿಸಿದೆ. ಕೆಲವು ಟಿಕ್ಕುಗಳನ್ನು ಸೊಟ್ಟಗೆ, ಕೆಲವನ್ನು ಬೇಸರ ಬಂದವರ ಹಾಗೆ ಚಿಕ್ಕದಾಗಿ, ಹದಿಮೂರನೆಯದನ್ನು ಬೇರೆ ಪೆನ್ನಿನಲ್ಲಿ. ಅವನು ಬಂದು ಹಾಳೆ ನೋಡಿ, "ಪರ್ವಾಗಿಲ್ವೇ, ಕೂತು ಮಾಡಿದೀಯ" ಎಂದು ಮೆಚ್ಚಿದ. ತಕ್ಷಣ ತನ್ನ ಕಂಪ್ಯೂಟರನ್ನೂ ಟಿಫಿನ್ ಡಬ್ಬಿಯನ್ನೂ ಎತ್ತಿಕೊಂಡು ಕಿಟಕಿ ಇಲ್ಲದ ಕೋಣೆಗೆ ಹೋದ. ನಾನು ಹಕ್ಕಿಗಳಿಗೆ ನಮಸ್ಕಾರ ಹೇಳಿದೆ.

ಆ್ಯಪ್ ಡಾಕ್ಟರಮ್ಮನ ಕೈ ಸೇರಿತು. ಬರೆದು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು ಅಕ್ಷರದಲ್ಲಿ "ಸೇವ್ ಆಯಿತು" ಎಂದು ಬರುತ್ತಿತ್ತು. "ಎಷ್ಟ್ ಬೇಗ ಬರ್ಕೊಳ್ಳುತ್ತಮ್ಮ ಇದು!" ಎಂದು ಖುಷಿಪಟ್ಟರು. ಒಂದು ತಿಂಗಳು ಫೋನಿನಲ್ಲೂ ನೋಟ್‌ಬುಕ್ಕಿನಲ್ಲೂ ಬರೆದರು. ಆಮೇಲೆ ಒಂದು ದಿನ ನನ್ನನ್ನು ಕೇಳಿದರು, "ಪುಸ್ತಕ ಬಿಟ್ಬಿಡ್ಲಾ? ಆಫ್ ಮಾಡಿದ್ರೂ ಇರುತ್ತೆ ತಾನೇ? ನೋಡಿದೀಯ ತಾನೇ ನೀನು?"

"ಇಪ್ಪತ್ತು ಸಲ ನೋಡಿದೀನಿ ಮೇಡಂ" ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವರು ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿದರು.

ಅದಾಗಿ ಒಂಬತ್ತೂವರೆ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅವರ ಫೋನ್ ಬಂತು. ಆ ವಾರ ಯಾವ ಹಸುವೂ ಕರು ಹಾಕುವುದಿಲ್ಲ ಎಂದು ನಮ್ಮ ಆ್ಯಪ್ ಹೇಳಿದ್ದರಿಂದ ಅವರು ತುಮಕೂರಿನಲ್ಲಿದ್ದ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದರು. ಬಸ್ಸು ಯಶವಂತಪುರದಲ್ಲಿದ್ದಾಗ ಆ ಅಜ್ಜಿ, ಅದೇ ಒಂದೇ ಹಸುವಿನ ಅಜ್ಜಿ, ಪಕ್ಕದ ಮನೆಯವರ ಫೋನಿನಿಂದ ಮಾತಾಡಿದ್ದರು. ಹಸುವಿನ ಕೆಚ್ಚಲು ಇಳಿದಿದೆ, ಎದ್ದು ಕೂತು ಒದ್ದಾಡುತ್ತಿದೆ, ಬನ್ನಿ ಎಂದಿದ್ದರು.

"ಲಿಸ್ಟಲ್ಲಿ ಇಲ್ಲಮ್ಮ ಆ ಹಸು! ಇಂಜೆಕ್ಷನ್ ಕೊಟ್ಟಿದ್ದೇ ಇಲ್ಲ ಅಂತಿದೆ ನಿನ್ನ ಫೋನು" ಎಂದರು ಡಾಕ್ಟರಮ್ಮ. ಸದ್ಯಕ್ಕೆ ಅದು ನನ್ನ ಫೋನಾಗಿತ್ತು. "ನಾನು ಬಸ್ ಇಳಿದು ಆಟೋ ಹಿಡಿದೆ. ಮನೇಲಿ ಯಜಮಾನ್ರಿದ್ದಾರೆ, ನನ್ನ ಬ್ಯಾಗ್ ಇಸ್ಕೊಂಡು, ದಾರಿ ಕೇಳ್ಕೊಂಡು, ಕಾರಲ್ಲಿ ಅಜ್ಜಿ ಮನೆಗೆ ಬಂದ್ಬಿಡು. ಬೇಗ."

ನಾನು ಬ್ಯಾಗು ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಆ ಹದಿನೆಂಟು ಟಿಕ್ಕುಗಳು, ಅದರಲ್ಲೂ ಬೇರೆ ಪೆನ್ನಿನಲ್ಲಿ ಹಾಕಿದ ಹದಿಮೂರನೆಯದು, ಕಣ್ಣ ಮುಂದೆ ಬರುತ್ತಿದ್ದವು. ಹೆದರಿಕೆಯಾಯಿತು. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ಈಗ ನೆನಪಿಲ್ಲ. ಕಿಟಕಿಯನ್ನು ಬಿಟ್ಟುಕೊಡುತ್ತೇನೆ ಎಂದದ್ದು ಮಾತ್ರ ನೆನಪಿದೆ.

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು. ಡಾಕ್ಟರಮ್ಮ ಗೃಹಪ್ರವೇಶದ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಉದ್ದ ಕೈಗವಸು ತೊಟ್ಟು ಕೈ ಒಳಗೆ ಹಾಕಿದರು. "ಮತ್ತೆ ಹಿಂದುಮುಂದಾಗಿದೆ" ಎಂದರು. ನನಗೆ ಹಗ್ಗ ಹಿಡಿಯಲು ಹೇಳಿದರು. ಎಳಿ ಎಂದಾಗ ಎಳೆದೆ, ನಿಲ್ಲು ಎಂದಾಗ ನಿಂತೆ. ಹಸು ನನ್ನ ಕಾಲು ತುಳಿಯಿತು, ಕೂಗಿಕೊಳ್ಳುವ ಧೈರ್ಯವಾಗಲಿಲ್ಲ. ಎಷ್ಟು ಹೊತ್ತಾಯಿತೋ, ಕೊನೆಗೆ ಒದ್ದೆ ಗೋಣಿಚೀಲದಂಥದ್ದೊಂದು ಹುಲ್ಲಿನ ಮೇಲೆ ಬಿತ್ತು. ಅಜ್ಜಿ ಅದರ ಮೂಗು ಒರೆಸಿ, ಹಿಂಗಾಲು ಹಿಡಿದು ಅಲುಗಾಡಿಸಿದರು. ಅದು ಸೀನಿತು. ನಾನು ಅಲ್ಲೇ ಸಗಣಿಯ ಮೇಲೆ ಕೂತು ಅತ್ತುಬಿಟ್ಟೆ.

ಕೈ ತೊಳೆದುಕೊಂಡ ಡಾಕ್ಟರಮ್ಮ ಅಜ್ಜಿಯನ್ನು ಕೇಳಿದರು, "ಅಲ್ಲ ಕಣಜ್ಜಿ, ಇವತ್ತೇ ಅಂತ ನಿಂಗೆ ಹೆಂಗೆ ಗೊತ್ತಾಯ್ತು? ಅಷ್ಟು ಬೇಗ ಫೋನ್ ಮಾಡಿದ್ಯಲ್ಲ."

ಅಜ್ಜಿ ಕೊಟ್ಟಿಗೆಯ ಗೋಡೆ ತೋರಿಸಿದರು. ಅಲ್ಲಿ ಸಾಲಾಗಿ ಒಂಬತ್ತು ಸುಣ್ಣದ ಬೊಟ್ಟುಗಳಿದ್ದವು. "ನೀವು ಸೂಜಿ ಆಕಿದ್ದು ಅಮಾಸೆ ಮಾರನೇ ದಿನ. ಅವತ್ತಿಂದ ಅಮಾಸೆಗೊಂದು ಬೊಟ್ಟು ಇಕ್ತಾ ಬಂದೆ. ಒಂಬತ್ತು ತುಂಬಿ ಅದಿನೈದು ದಿನ ಆಯ್ತು. ಓದ್ಸಲ ನಿಮ್ ಪುಸ್ತಕ ನಂಬಿ ಕರ ಕಳ್ಕಂಡೆ ಕಣವ್ವ. ಇನ್ ಯಾರನ್ನೂ ನಂಬದ್ ಬ್ಯಾಡ ಅಂತ ಇಂಗೆ ಮಾಡ್ದೆ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಆ ದಿನ ಇಂಜೆಕ್ಷನ್ ಕೊಟ್ಟು, ಬರೆದು, "ಸೇವ್ ಆಯಿತು" ಎಂಬ ಹಸಿರು ಅಕ್ಷರ ನೋಡಿ, ಎಂದಿನಂತೆ ಗುಂಡಿ ಒತ್ತಿ ಫೋನು ಆಫ್ ಮಾಡಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಮೂರು ತಿಂಗಳಿಗೆ ದಾರಿಯಲ್ಲಿ ಹೋಗುವಾಗ ಹಸುವನ್ನು ಪರೀಕ್ಷಿಸಿ, ಗಬ್ಬ ನಿಂತಿದೆ ಎಂದು ಅಜ್ಜಿಗೆ ಬಾಯಲ್ಲೇ ಹೇಳಿ ಹೋಗಿದ್ದರು. "ಇಪ್ಪತ್ತು ಸಲ ನೋಡಿದೀನಿ ಅಂದ್ಯಲ್ಲಮ್ಮ?"

"ಎರಡು ಸಲ" ಎಂದೆ. "ಅದೂ ಕಾಫಿ ಕುಡೀತಾ. ಮಿಕ್ಕಿದ್ದಕ್ಕೆ ಸುಮ್ನೆ ಟಿಕ್ ಹಾಕ್ದೆ." ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರೆ ಅದು ಬರೆದಿಡುತ್ತದೆ, ತಕ್ಷಣ ಆಫ್ ಮಾಡಿದರೆ ಒಮ್ಮೊಮ್ಮೆ ಬರೆದಿಡುವುದೇ ಇಲ್ಲ, ಆಗ ಅದು ಸೇವ್ ಆಯಿತು ಎಂದದ್ದು ಸುಳ್ಳಾಗುತ್ತದೆ ಎಂದು ಅಳುತ್ತಲೇ ವಿವರಿಸಿದೆ.

ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ, "ಹಂಗಾದ್ರೆ ಇನ್ನೆಷ್ಟು ಹಸು ಲಿಸ್ಟಿಂದ ಹೋಗಿವೆ?"

ಕರು ತಿಂದ ಹಾಳೆಯಾದರೆ ಹರಿದ ಅಂಚಾದರೂ ಕಾಣುತ್ತದೆ. ಇಲ್ಲಿ ಯಾವುದು ಹೋಗಿದೆ ಎಂಬ ಗುರುತೂ ಉಳಿದಿರಲಿಲ್ಲ, ಇರುವ ಪಟ್ಟಿ ಪೂರ್ತಿಯಾಗಿರುವಂತೆಯೇ ಕಾಣುತ್ತಿತ್ತು. ಒಂದೊಂದು ಮನೆಗೂ ಹೋಗಿ ಕೇಳುವುದೊಂದೇ ದಾರಿ.

ಆಫೀಸಿಗೆ ಬಂದು ಗೆಳೆಯನಿಗೂ ಹೇಳಿದೆ. ಅವನು ಆ ಹಾಳೆಯನ್ನು ಹುಡುಕಿ ತೆಗೆದು, ಹದಿಮೂರನೇ ಟಿಕ್ಕನ್ನು ಬಹಳ ಹೊತ್ತು ನೋಡಿದ. "ಬೇರೆ ಪೆನ್ ಬೇರೆ ತಗೊಂಡಿದೀಯ, ಅಮ್ಮಾ ತಾಯಿ" ಎಂದು ಕೈ ಮುಗಿದ. ಆಮೇಲೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವನು ಸುಮ್ಮನಿದ್ದದ್ದು ಅದೊಂದೇ ಸಲ, ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮೂರು ದಿನದಲ್ಲಿ ಅವನು ಹೊಸ ಲೈಬ್ರರಿಯನ್ನು ಕಿತ್ತು ಹಳೆಯದನ್ನು ಕೂರಿಸಿದ್ದ. ಅವನು ಕೇಳದೆಯೇ ನಾನು ನನ್ನ ಸಾಮಾನೆಲ್ಲ ಕಿಟಕಿ ಇಲ್ಲದ ಕೋಣೆಗೆ ಸಾಗಿಸಿಕೊಂಡೆ.

ನನ್ನ ಶಿಕ್ಷೆಯನ್ನು ಡಾಕ್ಟರಮ್ಮ ನಿಗದಿ ಮಾಡಿದರು. ಎರಡು ವಾರ ಅವರ ಸ್ಕೂಟರಿನ ಹಿಂದೆ ಕೂತು ಹಳ್ಳಿ ಹಳ್ಳಿ ಸುತ್ತಿದೆ. ಕಂಪ್ಯೂಟರ್ ಓದಿದವಳು ಕೊಟ್ಟಿಗೆಯ ಗೋಡೆ ಓದುವುದನ್ನು ಕಲಿತೆ. ಒಬ್ಬರು ಬಾಗಿಲ ಹಿಂದೆ ಇದ್ದಿಲಲ್ಲಿ ಗೀಟು ಎಳೆದಿದ್ದರು. ಒಬ್ಬರು ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಹಸುವಿನ ಕೊಂಬು ಬಿಡಿಸಿದ್ದರು. ಇನ್ನೊಬ್ಬರು, "ನಮ್ ಸೊಸೆ ತೌರಿಗೆ ಓದ್ಲಲ್ಲ, ಅದ್ರ ಇಂದಿನ ಸೋಮವಾರ" ಎಂದರು. ಸೊಸೆ ತವರಿಗೆ ಹೋದದ್ದು ಯಾವಾಗ ಎಂದು ಕೇಳಲು ನಾವು ಸೊಸೆಗೇ ಫೋನ್ ಮಾಡಿದೆವು. ಅವಳು ಅತ್ತೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿದ ಮೇಲೆ ತಾರೀಕು ಕೊಟ್ಟಳು. ಹೀಗೆ ಹುಡುಕಿ ತೆಗೆದಾಗ, ಪಟ್ಟಿಯಲ್ಲಿಲ್ಲದ ಇನ್ನೂ ಆರು ಹಸುಗಳು ಸಿಕ್ಕವು. ಒಂದೂ ಇನ್ನೂ ಕರು ಹಾಕಿರಲಿಲ್ಲ. ಅದು ನನ್ನ ಪುಣ್ಯ, ಬುದ್ಧಿವಂತಿಕೆಯಲ್ಲ.

ಕೊನೆಯ ದಿನ ಸ್ಕೂಟರ್ ಮತ್ತೆ ಅಜ್ಜಿಯ ಮನೆ ಮುಂದೆ ನಿಂತಿತು. ಕರು ಅಷ್ಟು ಹೊತ್ತಿಗೆ ಅಂಗಳದಲ್ಲಿ ಕುಣಿಯುತ್ತಿತ್ತು, ನನ್ನ ಚೂಡಿದಾರದ ದುಪ್ಪಟ್ಟದ ರುಚಿಯನ್ನೂ ನೋಡಿತು. ಡಾಕ್ಟರಮ್ಮ ತಮ್ಮ ಫೋನನ್ನು ನನ್ನ ಕೈಗಿಟ್ಟರು. "ಹಳೇದನ್ನೇ ಹಾಕಿದೀವಿ ಅಂದ್ರಲ್ಲ. ನೋಡು. ಇಪ್ಪತ್ತು ಸಲ. ಆಫೀಸಲ್ಲಿ ಬೇಡ, ಇಲ್ಲೇ. ಅಜ್ಜಿ ಎಣಿಸ್ತಾರೆ."

ಅಜ್ಜಿ ಸುಣ್ಣದ ಡಬ್ಬಿ ಹಿಡಿದು ಗೋಡೆಯ ಪಕ್ಕ ಕೂತರು. ನಾನು ಬರೆದೆ, ತಕ್ಷಣ ಗುಂಡಿ ಒತ್ತಿ ಹಿಡಿದೆ, ಪರದೆ ಕಪ್ಪಾಯಿತು, ಮತ್ತೆ ಆನ್ ಮಾಡಿ ಎರಡು ನಿಮಿಷ ಕಾದೆ. ಬರೆದದ್ದು ಇತ್ತು. ತೋರಿಸಿದೆ. ಅಜ್ಜಿ ಒಂದು ಬೊಟ್ಟು ಇಟ್ಟರು. ಕಾಫಿ ಇರಲಿಲ್ಲ, ಕೊಡಲೂ ಇಲ್ಲ. ಹತ್ತಕ್ಕೆ ಬೆನ್ನು ನೋಯಿತು. ಹನ್ನೆರಡಕ್ಕೆ ಡಾಕ್ಟರಮ್ಮ ಪಕ್ಕದ ಮನೆಯ ಎಮ್ಮೆ ನೋಡಲು ಎದ್ದು ಹೋದರು. ಹದಿಮೂರನೆಯದನ್ನು ಅಜ್ಜಿ ಉಳಿದವುಗಳ ಹಾಗೆಯೇ, ಅದೇ ಬೆರಳಿನಿಂದ, ಅದೇ ಅಳತೆಗೆ ಇಟ್ಟರು. ಹತ್ತೊಂಬತ್ತಕ್ಕೂ ಎಲ್ಲ ಸರಿಯಿತ್ತು. ಹೊರಗೆ ಸ್ಕೂಟರ್ ಸ್ಟಾರ್ಟ್ ಆದ ಸದ್ದು ಕೇಳಿತು.

"ಆಯ್ತೇನಮ್ಮಾ?" ಎಂದು ಡಾಕ್ಟರಮ್ಮ ಅಲ್ಲಿಂದಲೇ ಕೂಗಿದರು.

"ಆಯ್ತು ಮೇಡಂ!" ಎಂದು ಕೂಗಿ ನಾನು ಏಳತೊಡಗಿದೆ.

ಅಜ್ಜಿ ಸುಣ್ಣ ಹತ್ತಿದ ಕೈಯಲ್ಲೇ ನನ್ನ ದುಪ್ಪಟ್ಟ ಹಿಡಿದು ಕೂರಿಸಿದರು. "ಇನ್ನೊಂದು ಬಾಕಿ ಐತೆ ಕಣವ್ವ."